ಬಾಯಿ ಕ್ಯಾನ್ಸರ್: ಪ್ರೊಟೀನ್ ಗುರುತು ಸಿಕ್ಕಿದೆ, ರೋಗಿಯೇ ಸಿಗುತ್ತಿಲ್ಲ

‘ಸರ, ಗಂಟು ಸಣ್ಣದೈತಿ ಅಂತ ನೀವ ಹೇಳ್ತೀರಿ. ಮತ್ತ ಕುತ್ತಿಗಿ ಯಾಕ ಕೊಯ್ಯಬೇಕ್ರೀ?’

ಕಲಬುರಗಿ, ವಿಜಯಪುರ, ಬಾಗಲಕೋಟೆ ಕಡೆಯಿಂದ ಚಿಕಿತ್ಸೆಗೆಂದು ಮುಂಬೈಗೆ ಬರುವ ಕುಟುಂಬಗಳಿಂದ ನಾನು ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆ ಇದು. ನಾನು ಸರ್ಜನ್ ಅಲ್ಲ, ಪೆಥಾಲಜಿಸ್ಟ್. ಕೊಯ್ದು ತೆಗೆದ ತುಂಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ ರಿಪೋರ್ಟ್ ಬರೆಯುವುದು ನನ್ನ ಕೆಲಸ. ಸಾಮಾನ್ಯವಾಗಿ ರೋಗಿಗಳು ನಮ್ಮ ಮುಖ ನೋಡುವುದೇ ಇಲ್ಲ. ಆದರೆ ಮರಾಠಿ, ಹಿಂದಿ ಎರಡೂ ಅರ್ಥವಾಗದವರು ಬಂದಾಗ ‘ಆ ಕನ್ನಡದ ಡಾಕ್ಟರನ್ನು ಕರೆಯಿರಿ’ ಎಂದು ಫೋನ್ ಬರುತ್ತದೆ. ಹೊರನಾಡಿನಲ್ಲಿ ಕೆಲಸ ಮಾಡುವ ನಮ್ಮಂಥವರಿಗೆಲ್ಲ ಈ ಉಪಕಸುಬು ಇದ್ದದ್ದೇ.

ಪ್ರಶ್ನೆಯಲ್ಲಿ ತಪ್ಪಿಲ್ಲ. ನಾಲಿಗೆಯ ಅಂಚಿನಲ್ಲೋ ಕೆನ್ನೆಯ ಒಳಬದಿಯಲ್ಲೋ ಒಂದೂವರೆ ಸೆಂಟಿಮೀಟರಿನ ಹುಣ್ಣು. ಕುತ್ತಿಗೆ ಮುಟ್ಟಿ ನೋಡಿದರೆ ಗಂಟಿಲ್ಲ, ಸ್ಕ್ಯಾನಿನಲ್ಲೂ ಏನೂ ಕಾಣುವುದಿಲ್ಲ. ಆದರೂ ಕುತ್ತಿಗೆಯ ದುಗ್ಧಗ್ರಂಥಿಗಳನ್ನು ತೆಗೆಯಬೇಕು ಎನ್ನುತ್ತಾರೆ ಸರ್ಜನ್. ಕಾರಣ ಇರುವುದು ಗಡ್ಡೆಯ ಆಳದಲ್ಲಿ. ಪಕ್ಕದ ಆರೋಗ್ಯವಂತ ಲೋಳೆಪೊರೆಯ ತಳವನ್ನು ಸಮಗೆರೆ ಎಂದು ಹಿಡಿದು, ಮೇಸ್ತ್ರಿ ದಾರಕ್ಕೆ ಗುಂಡು ಕಟ್ಟಿ ಇಳಿಬಿಡುವ ಹಾಗೆ ಅಲ್ಲಿಂದ ನೇರ ಕೆಳಕ್ಕೆ ಗಡ್ಡೆ ಎಷ್ಟು ಮಿಲಿಮೀಟರ್ ಇಳಿದಿದೆ ಎಂದು ನಾವು ಅಳೆಯುತ್ತೇವೆ. ಅಮೆರಿಕದ ಜಂಟಿ ಕ್ಯಾನ್ಸರ್ ಸಮಿತಿಯ 8ನೇ ಆವೃತ್ತಿಯ ಹಂತ ನಿರ್ಣಯ 2018ರಿಂದ ಜಾರಿಗೆ ಬಂದಿತು. ಅದರ ಪ್ರಕಾರ ಎರಡು ಸೆಂಟಿಮೀಟರಿಗಿಂತ ಚಿಕ್ಕ ಗಡ್ಡೆಯಾದರೂ ಆಳ 5 ಮಿ.ಮೀ. ದಾಟಿದರೆ ಅದು ಟಿ1 ಅಲ್ಲ, ಟಿ2. 10 ಮಿ.ಮೀ. ದಾಟಿದರೆ ಟಿ3. ರಿಪೋರ್ಟಿನಲ್ಲಿ ‘ಡಿಒಐ’ ಎಂಬ ಮೂರಕ್ಷರದ ಮುಂದೆ ಬರೆದಿರುವ ಸಂಖ್ಯೆ ಇದೇ. ಮನೆಯವರು ಮೊದಲು ನೋಡಬೇಕಾದ ಸಾಲು ಅದು.

ಕುತ್ತಿಗೆಯ ವಿಚಾರಕ್ಕೆ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯೇ ಜಗತ್ತಿಗೆ ಉತ್ತರ ಕೊಟ್ಟಿತು. ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಕುತ್ತಿಗೆಯಲ್ಲಿ ಏನೂ ಕಾಣದ, ಆರಂಭದ ಹಂತದ ಬಾಯಿ ಕ್ಯಾನ್ಸರಿನ ಸುಮಾರು 500 ರೋಗಿಗಳಲ್ಲಿ ಒಂದು ಗುಂಪಿಗೆ ಬಾಯಿಯ ಶಸ್ತ್ರಚಿಕಿತ್ಸೆಯ ಜೊತೆಗೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದರು. ಇನ್ನೊಂದು ಗುಂಪಿಗೆ ಮುಂದೆ ಗಂಟು ಕಾಣಿಸಿಕೊಂಡರೆ ಮಾತ್ರ ತೆಗೆದರು. ಮೂರು ವರ್ಷದ ಹೊತ್ತಿಗೆ ಬದುಕಿದ್ದವರು ಮೊದಲ ಗುಂಪಿನಲ್ಲಿ ಶೇ 80, ಎರಡನೆಯದರಲ್ಲಿ ಶೇ 67.5. ಇದಾದ ಮೇಲೆ ‘ಕಾದು ನೋಡೋಣ’ ಎನ್ನಲು ಯಾವ ಸರ್ಜನ್‌ಗೂ ಮನಸ್ಸು ಬರುವುದಿಲ್ಲ.

ಅದೇ ಅಧ್ಯಯನದ ಇನ್ನೊಂದು ಮುಖ ನನ್ನನ್ನು ಹೆಚ್ಚು ಕಾಡುತ್ತದೆ. ಮೊದಲೇ ಕುತ್ತಿಗೆ ತೆರೆದವರಲ್ಲಿ ಗ್ರಂಥಿಗಳಲ್ಲಿ ನಿಜವಾಗಿ ಕ್ಯಾನ್ಸರ್ ಸಿಕ್ಕಿದ್ದು ಹತ್ತರಲ್ಲಿ ಸುಮಾರು ಮೂವರಿಗೆ. ಉಳಿದ ಏಳು ಜನರ ಕುತ್ತಿಗೆಯಲ್ಲಿ ಏನೂ ಇರಲಿಲ್ಲ. ಯಾರು ಆ ಮೂವರು, ಯಾರು ಈ ಏಳು ಎಂದು ಮೊದಲೇ ಹೇಳುವ ದಾರಿ ಇಲ್ಲದ್ದರಿಂದ ಹತ್ತೂ ಜನರಿಗೆ ಕತ್ತರಿ. ಈ ಶಸ್ತ್ರಚಿಕಿತ್ಸೆಯಲ್ಲಿ ಭುಜಕ್ಕೆ ಹೋಗುವ ನರಕ್ಕೆ ಎಳೆತ, ಪೆಟ್ಟು ಬೀಳುವುದುಂಟು. ಕಚೇರಿಯಲ್ಲಿ ಕುಳಿತು ಕೆಲಸ ಮಾಡುವವರು ಹೇಗೋ ಸುಧಾರಿಸಿಕೊಳ್ಳುತ್ತಾರೆ. ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲನಿಗೆ, ತಲೆಯ ಮೇಲೆ ಬುಟ್ಟಿ ಎತ್ತುವ ಹೆಂಗಸಿಗೆ ಭುಜ ಏಳದಿದ್ದರೆ ಆ ಮನೆಯ ಗಂಜಿಗೇ ಕುತ್ತು.

ಪ್ರೊಟೀನ್ ಗುರುತುಗಳ ಹುಡುಕಾಟಕ್ಕೆ ಅರ್ಥ ಬರುವುದು ಇಲ್ಲಿ. ಆಳ ಅಳೆದರೆ ಗಡ್ಡೆ ಇದುವರೆಗೆ ಎಲ್ಲಿಗೆ ತಲುಪಿದೆ ಎಂದು ತಿಳಿಯುತ್ತದೆ. ಅದು ಇನ್ನು ಮುಂದೆ ಹೋಗುವ ಜಾತಿಯದ್ದೇ ಎನ್ನುವುದನ್ನು ಹೇಳಬಲ್ಲದ್ದು ಅದರ ಜೀವಕೋಶಗಳೊಳಗಿನ ಪ್ರೊಟೀನುಗಳು.

ನಮ್ಮೂರಲ್ಲಿ ಒತ್ತುವರಿ ಹೇಗೆ ನಡೆಯುತ್ತದೆ ಎಂದು ನಿಮಗೆ ಗೊತ್ತು. ಮೊದಲು ಬದು ಸವೆಯುತ್ತದೆ, ಆಮೇಲೆ ಒಂದು ಸಾಲು ಆಚೆ ಬೀಳುತ್ತದೆ. ಬಾಯಿಯ ಲೋಳೆಪೊರೆಯಲ್ಲೂ ಹೆಚ್ಚುಕಡಿಮೆ ಹೀಗೆಯೇ. ಮೇಲ್ಪದರದ ಜೀವಕೋಶಗಳು ಒಂದಕ್ಕೊಂದು ಕೈಹಿಡಿದು ನಿಂತಿರುತ್ತವೆ. ಆ ಕೈಹಿಡಿತದ ಮುಖ್ಯ ಪ್ರೊಟೀನ್ ಇ-ಕ್ಯಾಡ್‌ಹೆರಿನ್. ಪದರದ ಕೆಳಗೆ ಕೊಲಾಜನ್ ಮತ್ತು ಲ್ಯಾಮಿನಿನ್‌ನಿಂದ ನೇಯ್ದ ತೆಳ್ಳನೆಯ ತಳಪೊರೆ, ಅದೇ ಬದು. ಕ್ಯಾನ್ಸರ್ ಜೀವಕೋಶ ಮೊದಲು ಪಕ್ಕದವರ ಕೈ ಬಿಡುತ್ತದೆ, ಎಂದರೆ ಇ-ಕ್ಯಾಡ್‌ಹೆರಿನ್ ಕಡಿಮೆಯಾಗುತ್ತದೆ. ಆಮೇಲೆ ಬದು ಕಡಿಯಲು ಎಂಎಂಪಿ ಎಂಬ ಕಿಣ್ವಗಳನ್ನು ಬಳಸುತ್ತದೆ. ಎಂಎಂಪಿ-2 ಮತ್ತು ಎಂಎಂಪಿ-9 ತಳಪೊರೆಯ ನಾಲ್ಕನೇ ಬಗೆಯ ಕೊಲಾಜನ್ನನ್ನೇ ಕತ್ತರಿಸಬಲ್ಲವು. ಈ ಕಿಣ್ವಗಳ ಕುಟುಂಬದ ಮೊದಲ ಸುಳಿವು ಸಿಕ್ಕಿದ್ದು ಕ್ಯಾನ್ಸರಿನಲ್ಲಲ್ಲ. ಗೊದಮೊಟ್ಟೆ ಕಪ್ಪೆಯಾಗುವಾಗ ಅದರ ಬಾಲ ಎಲ್ಲಿ ಹೋಗುತ್ತದೆ ಎಂದು ಹುಡುಕುತ್ತಿದ್ದ ಜೆರೋಮ್ ಗ್ರಾಸ್ ಮತ್ತು ಶಾರ್ಲ್ ಲಾಪಿಯೇರ್ 1962ರಲ್ಲಿ ಬಾಲದ ಕೊಲಾಜನ್ ಕರಗಿಸುವ ಕಿಣ್ವವನ್ನು ಕಂಡರು. ಮಳೆಗಾಲದ ಹೊಂಡದಲ್ಲಿ ನಾವೆಲ್ಲ ಹಿಡಿದು ಆಡಿದ ಗೊದಮೊಟ್ಟೆಯೇ!

ಸ್ಲೈಡಿನ ಮೇಲೆ ಇದನ್ನು ನೋಡುವ ವಿಧಾನ ಸರಳ. ಬೇಕಾದ ಪ್ರೊಟೀನಿಗೆ ಮಾತ್ರ ಅಂಟುವ ಪ್ರತಿಕಾಯವನ್ನು ಅಂಗಾಂಶದ ಮೇಲೆ ಹಾಕುತ್ತೇವೆ. ಪ್ರೊಟೀನ್ ಇದ್ದಲ್ಲಿ ಕಂದು ಬಣ್ಣ, ಉಳಿದ ಕಡೆ ನೀಲಿ. ಲ್ಯಾಮಿನಿನ್‌ನ ಗಾಮಾ-2 ಎಂಬ ಎಳೆಗೆ ಬಣ್ಣ ಹಾಕಿದ ಸ್ಲೈಡನ್ನು ನೀವೊಮ್ಮೆ ನೋಡಬೇಕು. ಗಡ್ಡೆಯ ನಡುಭಾಗ ಬಹುತೇಕ ನೀಲಿಯಾಗಿಯೇ ಇರುತ್ತದೆ. ತಳದ ಅಂಚಿನಲ್ಲಿ, ಸ್ನಾಯುವಿನ ಎಳೆಗಳ ನಡುವೆ ಎರಡು ಮೂರು ಜೀವಕೋಶಗಳ ಪುಟ್ಟ ಗುಂಪುಗಳು ಗಾಢ ಕಂದಾಗಿ ಎದ್ದು ಕಾಣುತ್ತವೆ. ನುಗ್ಗುತ್ತಿರುವವರು ಅವರೇ. ರೋಗದ ಹಣೆಬರಹ ನಿರ್ಧಾರವಾಗುವುದು ಈ ಮುಂಚೂಣಿಯಲ್ಲಿ. ಬಯಾಪ್ಸಿಗೆಂದು ಹುಣ್ಣಿನ ಮೇಲಿನಿಂದ ಕಿತ್ತ ಅಕ್ಕಿಕಾಳಿನಷ್ಟು ತುಂಡಿನಲ್ಲಿ ಎಷ್ಟೋ ಸಲ ಈ ಭಾಗವೇ ಇರುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮುಂಚೆ ಬೇಕಾದ ಉತ್ತರ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಂಡಿನಲ್ಲಿ ಮಾತ್ರ ಸಿಗುವುದು ಇಲ್ಲಿಯ ದೊಡ್ಡ ತೊಡಕು.

‘ಕೈ ಬಿಟ್ಟು ಒಂಟಿಯಾಗಿ ಓಡುತ್ತದೆ’ ಎಂಬ ಕಥೆಯೂ ಪೂರ್ತಿ ನಿಜವಲ್ಲ. ಬಾಯಿ ಕ್ಯಾನ್ಸರಿನಲ್ಲಿ ಜೀವಕೋಶಗಳು ಬಹುಮಟ್ಟಿಗೆ ಗುಂಪಾಗಿಯೇ ನುಗ್ಗುತ್ತವೆ, ಇ-ಕ್ಯಾಡ್‌ಹೆರಿನ್ ಒಂದಿಷ್ಟು ಉಳಿದಿರುತ್ತದೆ. 2017ರಲ್ಲಿ ಬಾಸ್ಟನ್‌ನ ತಂಡವೊಂದು ತಲೆ-ಕುತ್ತಿಗೆಯ ಕ್ಯಾನ್ಸರಿನ 18 ರೋಗಿಗಳಿಂದ ಸುಮಾರು 6 ಸಾವಿರ ಜೀವಕೋಶಗಳನ್ನು ಒಂದೊಂದಾಗಿ ಬಿಡಿಸಿ ಓದಿತು. ಗಡ್ಡೆಯ ಮುಂಚೂಣಿಯಲ್ಲಿ ಸಿಕ್ಕಿದ್ದು ‘ಅರ್ಧ ಬದಲಾದ’ ಜೀವಕೋಶಗಳು. ಮೇಲ್ಪದರದ ಗುಣ ಪೂರ್ತಿ ಬಿಟ್ಟಿರಲಿಲ್ಲ, ಓಡಾಡುವ ಗುಣ ಬಂದಿತ್ತು. ಅವುಗಳಲ್ಲಿ ವಿಮೆಂಟಿನ್, ಪೋಡೋಪ್ಲಾನಿನ್, ಲ್ಯಾಮಿನಿನ್ ಗಾಮಾ-2 ಹೆಚ್ಚಾಗಿದ್ದವು. ಈ ಲಕ್ಷಣ ಹೆಚ್ಚಿದ್ದ ಗಡ್ಡೆಗಳು ಕುತ್ತಿಗೆಯ ಗ್ರಂಥಿಗಳಿಗೂ ಹೆಚ್ಚಾಗಿ ಹರಡಿದ್ದವು. ವರ್ಷಗಳಿಂದ ಸ್ಲೈಡಿನ ಅಂಚಿನಲ್ಲಿ ಕಂದು ಚುಕ್ಕೆ ಎಣಿಸುತ್ತಿದ್ದ ನಮ್ಮಂಥವರಿಗೆ ಇದು ಸಮಾಧಾನ ತಂದ ಸುದ್ದಿ.

ಹಾಗಾದರೆ ಇವತ್ತೇ ಈ ಪರೀಕ್ಷೆ ಮಾಡಿಸಬಹುದಲ್ಲ? ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ಒಳ್ಳೆಯ ಕೆಲಸದಲ್ಲಿರುವ ಮಕ್ಕಳು ನನಗೆ ಫೋನ್ ಮಾಡಿ ಕೇಳುವುದು ಇದನ್ನೇ. ‘ಅಪ್ಪಂಗೆ ಮಾರ್ಕರ್ ಟೆಸ್ಟ್ ಮಾಡಿಸೋಣ ಸರ್, ದುಡ್ಡು ಎಷ್ಟಾದ್ರೂ ಆಗ್ಲಿ.’ ಬೇಡ ಎನ್ನುತ್ತೇನೆ. ಬಾಯಿ ಕ್ಯಾನ್ಸರ್ ಎಷ್ಟು ಒಳನುಗ್ಗಬಲ್ಲದು ಎಂದು ಹೇಳುವ ಯಾವ ಪ್ರೊಟೀನ್ ಪರೀಕ್ಷೆಯೂ ಇವತ್ತು ಚಿಕಿತ್ಸೆ ನಿರ್ಧರಿಸುವ ಮಟ್ಟಕ್ಕೆ ಬಂದಿಲ್ಲ. ಇಲ್ಲಿ ಗೊಂದಲಕ್ಕೆ ಕಾರಣವಾಗುವ ಎರಡು ಹೆಸರುಗಳಿವೆ. ಪಿ16 ಎಂಬುದು ಗಂಟಲಿನ ಹಿಂಭಾಗದ ಕ್ಯಾನ್ಸರಿಗೆ ಸಂಬಂಧಿಸಿದ್ದು, ಬಾಯಿಯದ್ದಕ್ಕಲ್ಲ. ಪಿಡಿ-ಎಲ್1 ಬೇಕಾಗುವುದು ಮುಖ್ಯವಾಗಿ ರೋಗ ಮರುಕಳಿಸಿದಾಗ ಅಥವಾ ದೂರಕ್ಕೆ ಹರಡಿದಾಗ, ಇಮ್ಯುನೋಥೆರಪಿ ಕೊಡಬೇಕೇ ಎಂದು ನೋಡಲು. ಮೊದಲ ಶಸ್ತ್ರಚಿಕಿತ್ಸೆಗೆ ಇವೆರಡಕ್ಕಾಗಿ ಕಾಯುತ್ತ ಕೂರಬಾರದು. ಹತ್ತು ದಿನ ತಡವಾದರೆ ಗಡ್ಡೆಯೂ ಅಷ್ಟು ದಿನ ಬೆಳೆಯುತ್ತದೆ.

ವಿಜ್ಞಾನ ಇಷ್ಟು ಮುಂದೆ ಬಂದಿದ್ದರೂ ಪರೀಕ್ಷೆ ಯಾಕೆ ಬಂದಿಲ್ಲ? ಕೆಲವು ಕಾರಣಗಳು ಜೀವಶಾಸ್ತ್ರದ್ದೇ. ಎಂಎಂಪಿ-9 ಕ್ಯಾನ್ಸರಿನ ಆಸ್ತಿಯೇನಲ್ಲ. ಗಾಯ ಮಾಯುವಾಗಲೂ ಅದು ಬೇಕು, ಬಿಳಿ ರಕ್ತಕಣಗಳೂ ಅದನ್ನು ಸುರಿಯುತ್ತವೆ. ತಂಬಾಕು, ಸುಣ್ಣ ಒತ್ತಿ ಒತ್ತಿ ಸದಾ ಉರಿಯೂತವಿರುವ ಕೆನ್ನೆಯಲ್ಲಿ ಕಂದು ಬಣ್ಣ ಕಂಡರೆ ಅದು ಕ್ಯಾನ್ಸರಿನದೋ ಉರಿಯೂತದ್ದೋ? ಇದೇ ಕಿಣ್ವಗಳನ್ನು ತಡೆಯುವ ಮಾರಿಮಾಸ್ಟಾಟ್‌ನಂಥ ಔಷಧಗಳು ತೊಂಬತ್ತರ ದಶಕದಲ್ಲಿ ದೊಡ್ಡ ಆಸೆ ಹುಟ್ಟಿಸಿದ್ದವು. ರೋಗಿಗಳಿಗೆ ಕೀಲುನೋವು ಬಂತು, ಕ್ಯಾನ್ಸರಿನಲ್ಲಿ ಹೇಳಿಕೊಳ್ಳುವ ಲಾಭ ಕಾಣಲಿಲ್ಲ. ಇನ್ನು ಕೆಲವು ಕಾರಣ ನಾವೇ ಮಾಡಿಕೊಂಡದ್ದು. ಒಬ್ಬರು ಒಂದು ಕಂಪನಿಯ ಪ್ರತಿಕಾಯ ಬಳಸುತ್ತಾರೆ, ಇನ್ನೊಬ್ಬರು ಮತ್ತೊಂದು. ಒಬ್ಬರಿಗೆ ಶೇ 10ರಷ್ಟು ಜೀವಕೋಶ ಕಂದಾದರೆ ‘ಪಾಸಿಟಿವ್’, ಇನ್ನೊಬ್ಬರಿಗೆ ಶೇ 50 ಆಗಬೇಕು. ನಲವತ್ತೋ ಅರವತ್ತೋ ರೋಗಿಗಳ ಸ್ಲೈಡ್ ಇಟ್ಟುಕೊಂಡು ಒಂದು ಎಂ.ಡಿ.ಎಸ್. ಪ್ರಬಂಧ ಮುಗಿಸಿ ಎಲ್ಲರೂ ಮುಂದಿನ ಪ್ರೊಟೀನಿಗೆ ಹೋಗಿಬಿಡುತ್ತಾರೆ.

ಆದರೆ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಕಾರಣದ ಬಗ್ಗೆ ಯಾರೂ ಮಾತಾಡುವುದಿಲ್ಲ. ರೋಗಿ ಆಮೇಲೆ ಏನಾದ ಎಂಬುದು ನಮಗೆ ಗೊತ್ತೇ ಇಲ್ಲ.

ಗುರುತು ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಇರುವುದು ಒಂದೇ ದಾರಿ. ಪ್ರೊಟೀನ್ ಇದ್ದವರು, ಇಲ್ಲದವರು ಇಬ್ಬರನ್ನೂ ವರ್ಷಗಟ್ಟಲೆ ಹಿಂಬಾಲಿಸಿ, ಯಾರಿಗೆ ರೋಗ ಮರಳಿತು, ಯಾರಿಗೆ ಮರಳಲಿಲ್ಲ ಎಂದು ಬರೆದಿಡಬೇಕು. ನಮ್ಮ ದೊಡ್ಡ ಆಸ್ಪತ್ರೆಗಳ ಕಪಾಟುಗಳಲ್ಲಿ ಮೇಣದ ಬ್ಲಾಕುಗಳಿಗೆ ಬರವಿಲ್ಲ. 2022ರ ಜಾಗತಿಕ ಅಂದಾಜಿನಂತೆ ಆ ಒಂದೇ ವರ್ಷ ಭಾರತದಲ್ಲಿ 1.4 ಲಕ್ಷಕ್ಕೂ ಹೆಚ್ಚು ಜನರಿಗೆ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಹೊಸದಾಗಿ ಪತ್ತೆಯಾಗಿದೆ. ಜಗತ್ತಿನ ಒಟ್ಟು ಪ್ರಕರಣಗಳಲ್ಲಿ ಇದು ಮೂರನೇ ಒಂದಕ್ಕಿಂತ ಹೆಚ್ಚು. ಇಷ್ಟು ಅಂಗಾಂಶ ಬೇರೆ ಯಾವ ದೇಶದಲ್ಲೂ ಇಲ್ಲ. ಬ್ಲಾಕಿನ ಪಕ್ಕದ ಕಡತ ತೆಗೆದರೆ ಮಾತ್ರ ಶಸ್ತ್ರಚಿಕಿತ್ಸೆ, ರೇಡಿಯೇಷನ್, ಆಮೇಲೆ ಒಂದೋ ಎರಡೋ ಭೇಟಿ, ಅಲ್ಲಿಂದ ಮುಂದೆ ಖಾಲಿ ಹಾಳೆ.

ಹಿಂದೊಮ್ಮೆ ಇಂಥದೊಂದು ಅಧ್ಯಯನಕ್ಕಾಗಿ ಕನ್ನಡ ಮಾತಾಡುವ ರೋಗಿಗಳಿಗೆ ಫೋನ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅರ್ಧಕ್ಕರ್ಧ ನಂಬರುಗಳು ಅಸ್ತಿತ್ವದಲ್ಲೇ ಇರಲಿಲ್ಲ. ಕೆಲವು ನಂಬರು ಲಾಡ್ಜಿನವರದ್ದು, ಒಂದು ಆಟೋ ಚಾಲಕನದ್ದು. ಫೋನ್ ಎತ್ತಿದವರೊಬ್ಬರು, ರೋಗಿಯ ತಮ್ಮ, ನಾನು ಪರಿಚಯ ಹೇಳಿ ಮುಗಿಸುವ ಮೊದಲೇ ‘ಅವರು ಹೋಗಿ ಎರಡು ವರ್ಷ ಆತ್ರೀ’ ಎಂದರು. ಕುತ್ತಿಗೆಯಲ್ಲಿ ಮತ್ತೆ ಗಂಟು ಬಂದಿತ್ತಂತೆ. ಮುಂಬೈಗೆ ಬರಲು ಟಿಕೆಟಿಗೆ, ಉಳಿಯಲಿಕ್ಕೆ ದುಡ್ಡು ಹೊಂದಿಸಲಾಗದೆ ಊರಲ್ಲೇ ಏನೋ ಔಷಧ ಮಾಡಿಸಿದರಂತೆ. ನಮ್ಮ ಕಡತದಲ್ಲಿ ಅವರು ‘ಕೊನೆಯ ಭೇಟಿಯಲ್ಲಿ ರೋಗವಿರಲಿಲ್ಲ’ ಎಂದೇ ಇದ್ದರು.

ಇದು ಬರೀ ದುಃಖದ ವಿಷಯವಲ್ಲ, ಲೆಕ್ಕದ ವಿಷಯವೂ ಹೌದು. ಬರುವುದು ನಿಂತ ರೋಗಿಯನ್ನು ಸಂಖ್ಯಾಶಾಸ್ತ್ರಜ್ಞರು ಕೊನೆಯ ಭೇಟಿಯ ದಿನಕ್ಕೆ ಲೆಕ್ಕದಿಂದ ಹೊರಗಿಡುತ್ತಾರೆ. ಬಿಟ್ಟುಹೋದವರೂ ಉಳಿದವರಂತೆಯೇ ಇದ್ದಾರೆ ಎಂಬುದು ಆ ಲೆಕ್ಕದ ನಂಬಿಕೆ. ರೋಗ ಮರಳಿದ್ದರಿಂದಲೇ ಬರಲಾಗದವರು ಹೆಚ್ಚಿದ್ದರೆ ಆ ನಂಬಿಕೆಯೇ ಬಿದ್ದುಹೋಗುತ್ತದೆ. ಅಪಾಯಕಾರಿ ಪ್ರೊಟೀನ್ ಇದ್ದವರೇ ಹೆಚ್ಚು ಕಾಣೆಯಾಗಿರುತ್ತಾರೆ, ಕಾಗದದಲ್ಲಿ ಮಾತ್ರ ಅವರು ಆರೋಗ್ಯವಂತರು. ಆಗ ನಿಜವಾಗಿ ಕೆಲಸ ಮಾಡುವ ಗುರುತೂ ‘ಉಪಯೋಗವಿಲ್ಲ’ ಎಂದು ಕಸದಬುಟ್ಟಿಗೆ ಸೇರುತ್ತದೆ. ಯಾದಗಿರಿಯ ಹಳ್ಳಿಯ ಬಡವ ಎರಡನೇ ಸಲ ರೈಲು ಹತ್ತಲಾಗದ್ದಕ್ಕೂ ನಮ್ಮ ಪ್ರಯೋಗಾಲಯದಲ್ಲಿ ಫಲಿತಾಂಶ ಎಡವುವುದಕ್ಕೂ ಹೀಗೆ ನೇರ ಸಂಬಂಧವಿದೆ.

ಪಾಶ್ಚಾತ್ಯರ ಅಧ್ಯಯನ ಬರಲಿ, ಆಮೇಲೆ ನೋಡೋಣ ಎನ್ನುವಂತೆಯೂ ಇಲ್ಲ. ಅಲ್ಲಿ ಹೆಚ್ಚಾಗಿ ಕಾಣುವುದು ನಾಲಿಗೆಯ ಮತ್ತು ಬಾಯಿಯ ತಳದ ಕ್ಯಾನ್ಸರ್, ಕಾರಣ ಸಿಗರೇಟು, ಮದ್ಯ. ನಮ್ಮಲ್ಲಿ ಹೆಚ್ಚು ಕೆನ್ನೆ ಮತ್ತು ಒಸಡಿನದು, ಕಾರಣ ಜಗಿಯುವ ತಂಬಾಕು ಮತ್ತು ಅಡಿಕೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಜೀನೋಮ್ ಒಕ್ಕೂಟದಲ್ಲಿ ಭಾರತ ಆರಿಸಿಕೊಂಡದ್ದು ಈ ಒಸಡು-ಕೆನ್ನೆಯ ಕ್ಯಾನ್ಸರನ್ನೇ. ಅದರ ಮೊದಲ ಫಲಿತಾಂಶ 2013ರಲ್ಲಿ ಬಂದಾಗ ಹೊರಗೆ ಕಾಣದ ಕೆಲವು ಜೀನ್ ಬದಲಾವಣೆಗಳೂ ಇಲ್ಲಿ ಸಿಕ್ಕಿದ್ದವು. ನೆಲವೂ ಬೇರೆ. ಅಡಿಕೆ ಜಗಿಯುವವರಲ್ಲಿ ಬಾಯಿ ತೆರೆಯಲಾಗದಂತೆ ಒಳಪದರ ಬಿಗಿದುಕೊಳ್ಳುವ ಫೈಬ್ರೋಸಿಸ್ ಬರುತ್ತದೆ. ಅಡಿಕೆಯಲ್ಲಿರುವ ತಾಮ್ರದ ಬಲದಿಂದ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವ ಕೊಲಾಜನ್ ಎಳೆಗಳನ್ನು ಹಗ್ಗದಂತೆ ಹೊಸೆದುಬಿಡುತ್ತದೆ. ಕೇರಳದಲ್ಲಿ ಇಂಥ ರೋಗಿಗಳನ್ನು 17 ವರ್ಷ ಬಿಡದೆ ಹಿಂಬಾಲಿಸಿದ ಅಧ್ಯಯನದಲ್ಲಿ ಶೇ 7.6 ಮಂದಿಗೆ ಕ್ಯಾನ್ಸರ್ ಬಂತು. 1985ರಲ್ಲಿ ಪ್ರಕಟವಾದ ಆ ಅಂಕಿಯನ್ನು ಜಗತ್ತು ಇವತ್ತಿಗೂ ಉಲ್ಲೇಖಿಸುತ್ತದೆ. ಮೊಬೈಲ್ ಇಲ್ಲದ ಕಾಲದಲ್ಲಿ ಮನೆ ಮನೆಗೆ ಹೋಗಿ ಅವರು 17 ವರ್ಷ ಮಾಡಿದ ಕೆಲಸವನ್ನು, ಪ್ರತಿಯೊಬ್ಬರ ಜೇಬಿನಲ್ಲಿ ಫೋನ್ ಇರುವ ಈ ಕಾಲದಲ್ಲಿ ನಾವು 5 ವರ್ಷ ಮಾಡಲಾರೆವೇ?

ಅಡಿಕೆಯ ಮಾತು ಬಂದರೆ ಶಿರಸಿ, ಸಾಗರ, ಚನ್ನಗಿರಿಯ ಓದುಗರಿಗೆ ಬೇಸರವಾಗುತ್ತದೆಂದು ಗೊತ್ತು. ತೋಟದ ಆದಾಯದಲ್ಲಿ ಓದಿ ಹೊರನಾಡಿಗೆ ಬಂದವರು ನಮ್ಮಲ್ಲಿ ಬಹಳ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಎಂದೇ 2004ರಲ್ಲಿ ಪ್ರಕಟಿಸಿದೆ. ನಾನು ನೋಡುವ ಸ್ಲೈಡುಗಳೂ ಅದಕ್ಕೆ ಎದುರು ಮಾತಾಡುವುದಿಲ್ಲ. ಕರ್ನಾಟಕದಲ್ಲಿ 2013ರಿಂದ ಗುಟ್ಕಾ ನಿಷೇಧವಿದೆ. ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಎಂದು ಅದೇ ಅಂಗಡಿಯಲ್ಲಿ ಮಾರುವುದನ್ನು ಬಸ್ ನಿಲ್ದಾಣದಲ್ಲಿ ನಿಂತ ಯಾರೂ ನೋಡಬಹುದು.

ಹಾಗಾಗಿ ಸಂಶೋಧನೆಗೆ ಹಣ ಕೊಡುವವರಿಗೆ ನನ್ನ ಮಾತು ಒಂದೇ. ಇನ್ನೊಂದು ಹೊಸ ಪ್ರೊಟೀನಿಗೆ ಕೊಡುವ ಹಣದಲ್ಲಿ ಒಂದು ಪಾಲನ್ನು ಫೋನ್ ಮಾಡುವ ಗುಮಾಸ್ತರಿಗೆ ಕೊಡಿ. ಮುಂಬೈಯಲ್ಲಿ ಕನ್ನಡ ಬಲ್ಲ ಒಬ್ಬ, ಬೆಂಗಳೂರಿನಲ್ಲಿ ತೆಲುಗು ಬಲ್ಲ ಒಬ್ಬ, ಚೆನ್ನೈಯಲ್ಲಿ ಬಂಗಾಳಿ ಬಲ್ಲ ಒಬ್ಬ. ಸಂಬಳ ದೊಡ್ಡದೇನಲ್ಲ. ರೋಗಿ ದೂರದ ಆಸ್ಪತ್ರೆಗೇ ಬರಬೇಕೆಂದೂ ಹಟ ಬೇಡ. ತಾಲ್ಲೂಕು ಆಸ್ಪತ್ರೆಯ ದಂತವೈದ್ಯರು ಬಾಯಿ ನೋಡಿ, ಕುತ್ತಿಗೆ ಮುಟ್ಟಿ ಎರಡು ಸಾಲು ಬರೆದು ಕಳಿಸಿದರೆ ಕಡತಕ್ಕೆ ಸಾಕು, ರೋಗಿಗೂ ಕ್ಷೇಮ. ಈ ರೋಗ ಮರಳುವುದು ಹೆಚ್ಚಾಗಿ ಮೊದಲ ಎರಡು ವರ್ಷದಲ್ಲಿ. ಆ ಅವಧಿಯಲ್ಲಾದರೂ ಪ್ರತಿ ಎರಡು ಮೂರು ತಿಂಗಳಿಗೊಮ್ಮೆ ಯಾರಾದರೂ ನೋಡಲೇಬೇಕು.

ಹೊರನಾಡಿನಲ್ಲಿರುವ ನಮ್ಮಿಂದ ಆಗುವುದು ಇದಕ್ಕಿಂತ ಸಣ್ಣದು. ಊರಿನವರು ಚಿಕಿತ್ಸೆಗೆ ಬಂದು ನಿಮ್ಮ ಮನೆಯಲ್ಲಿ ಉಳಿದುಕೊಂಡರೆ ಆಸ್ಪತ್ರೆಯ ಅರ್ಜಿಯಲ್ಲಿ ಎರಡನೇ ಫೋನ್ ನಂಬರಿನ ಜಾಗದಲ್ಲಿ ನಿಮ್ಮದನ್ನು ಬರೆಸಿ. ರೀಚಾರ್ಜ್ ಮುಗಿದು ಅವರ ಸಿಮ್ ಬದಲಾಗುತ್ತದೆ, ಬ್ಯಾಂಕಿಗೆ, ಆಫೀಸಿಗೆ ಜೋಡಿಸಿದ ನಿಮ್ಮ ನಂಬರು ಬದಲಾಗುವುದಿಲ್ಲ. ಆಸ್ಪತ್ರೆಯಿಂದ ಫೋನ್ ಬಂದರೆ ಲೋನ್ ಕೊಡುವವರ ಕರೆ ಎಂದು ಕತ್ತರಿಸಬೇಡಿ.

ಊರಲ್ಲಿ ಬಯಾಪ್ಸಿಯೋ ಶಸ್ತ್ರಚಿಕಿತ್ಸೆಯೋ ಆಗಿ ಮುಂದಿನ ಚಿಕಿತ್ಸೆಗೆ ಬೇರೆ ಊರಿಗೆ ಹೊರಟಿದ್ದರೆ ರಿಪೋರ್ಟಿನ ಕಾಗದವೊಂದನ್ನೇ ಹಿಡಿದು ಬರಬೇಡಿ. ಸ್ಲೈಡುಗಳನ್ನೂ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ, ರಿಪೋರ್ಟಿನಲ್ಲಿ ಡಿಒಐ ಸಂಖ್ಯೆ ಇಲ್ಲದಿದ್ದರೆ ಅಲ್ಲೇ ಬರೆಸಿಕೊಳ್ಳಿ. ಬ್ಲಾಕನ್ನು ಬಿಸಿಲಿಗೆ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಡಬಾರದು, ಮೇಣ ಕರಗುತ್ತದೆ. ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ, ಮೇಲೆ ಹೆಸರು ಮತ್ತು ಬ್ಲಾಕಿನ ಸಂಖ್ಯೆ ಬರೆದು ಕೈಚೀಲದಲ್ಲಿಟ್ಟುಕೊಳ್ಳಿ. ಇಲ್ಲಿಯ ಕೆಲಸ ಮುಗಿದ ಮೇಲೆ ಅದನ್ನು ವಾಪಸ್ ಕೇಳಿ ಪಡೆಯಲು ರಸೀದಿ ತೆಗೆದುಕೊಂಡಿರಬೇಕು.